ಹಾಸ್ಟೆಲ್‌ನಲ್ಲಿ ಸರಿಯಿದ್ದ ಮೈ ಊರಿಗೆ ಬಂದರೆ ದಪ್ಪವಾಗುವುದೇಕೆ?

ಪ್ರಶ್ನೆ: ನಾನು ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯವಳು. ಚಾಮರಾಜನಗರದಲ್ಲಿ ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್ ವಾಸ. ಶನಿವಾರ ಊರಿಗೆ ಹೋದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ಒಂದೂವರೆ ವರ್ಷದಿಂದ ಊಟ ಬಿಡುವ ಅಭ್ಯಾಸವಾಗಿದೆ. ಮೊದಲು ರಾತ್ರಿ ಊಟ ಬಿಟ್ಟೆ, ಆಮೇಲೆ ಬೆಳಗಿನ ತಿಂಡಿ. ಸೋಮವಾರ ಮಾದಪ್ಪನ ಒಪ್ಪೊತ್ತು ಎಂದು ಮನೆಯಲ್ಲಿ ಹೇಳಿದ್ದೆ, ಈಗ ಶುಕ್ರವಾರವನ್ನೂ ಸೇರಿಸಿಕೊಂಡಿದ್ದೇನೆ. ಕೆಲವು ದಿನ ತಡೆಯಲಾಗದೆ ಸಿಕ್ಕಿದ್ದನ್ನೆಲ್ಲ ತಿಂದು, ಆಮೇಲೆ ವಾಂತಿ ಮಾಡುತ್ತೇನೆ. ಮೂರು ತಿಂಗಳಿಂದ ಮುಟ್ಟು ಸರಿಯಾಗಿ ಆಗಿಲ್ಲ. ಯಾರಿಗೂ ಹೇಳಿಲ್ಲ.

ಕೇಳಬೇಕೆಂದಿರುವುದು ಬೇರೆ. ನನ್ನ ಮೈ ಒಂದೊಂದು ಜಾಗದಲ್ಲಿ ಒಂದೊಂದು ಥರ ಕಾಣುತ್ತದೆ. ಇಂಟರ್ನಲ್ಸ್ ಮಾರ್ಕ್ಸ್ ಹಾಕಿದ ದಿನ ಹಾಸ್ಟೆಲ್ ಕನ್ನಡಿಯಲ್ಲಿ ಮುಖ ಎರಡರಷ್ಟು ಅಗಲವಾಗಿತ್ತು. ಎರಡು ದಿನ ಬಿಟ್ಟು ನೋಡಿದರೆ ಮಾಮೂಲು. ಮೆಡಿಕಲ್ ಸ್ಟೋರಿನ ಮಷೀನಿನಲ್ಲಿ ತೂಕ ನೋಡಿದರೆ ಮೊದಲು ಎಷ್ಟಿತ್ತೋ ಅಷ್ಟೇ. ಹೋದ ತಿಂಗಳು ಊರಿಗೆ ಹೋದಾಗ ದೊಡ್ಡವ್ವ ಬಾಗಿಲಲ್ಲೇ ‘ಈ ಸಲ ವಸಿ ಮೈ ಬಂದದ ಕಣವ್ವ’ ಅಂದರು. ಅವತ್ತಿನಿಂದ ಎರಡು ದಿನ ಹೊಟ್ಟೆ ಮುಂದಕ್ಕೆ ಬಂದಿದೆ ಅನ್ನಿಸುತ್ತಲೇ ಇತ್ತು. ಮೈಸೂರಿನಿಂದ ಮಾವನ ಮಕ್ಕಳು ಬಂದಾಗ ಹೈವೇ ಪಕ್ಕದ ಸೂರ್ಯಕಾಂತಿ ಹೊಲದಲ್ಲಿ ಫೋಟೊ ತೆಗೆಸಿಕೊಂಡೆವು. ಅಂಚಿನಲ್ಲಿ ನಿಂತಿದ್ದ ನಾನು ಅವರಿಬ್ಬರನ್ನೂ ಸೇರಿಸಿದಷ್ಟು ಅಗಲ ಕಂಡೆ. ಅವ್ವನ ಜೊತೆ ಚೆಂಡುಹೂ ಬಿಡಿಸಲು ಹೋದ ದಿನ ಮಾತ್ರ ಇದ್ಯಾವುದೂ ನೆನಪಿಗೇ ಬರುವುದಿಲ್ಲ. ನನ್ನ ಕಣ್ಣು ಸರಿಯಿಲ್ಲವೋ, ತಲೆ ಸರಿಯಿಲ್ಲವೋ? ಆಷಾಢದಲ್ಲಿ ಚಾಮರಾಜೇಶ್ವರನ ತೇರು. ಅಕ್ಕನಿಗೆ ಮದುವೆಯಾಗಿ ಮೊದಲನೇ ಆಷಾಢ, ಎರಡೂ ಕಡೆಯ ನೆಂಟರು ಬರುತ್ತಾರೆ. ನಾನು ಹೋಗಲೋ ಬೇಡವೋ?
– ಹೆಸರು ಬೇಡ, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ಕಣ್ಣು ಸರಿಯಾಗಿದೆ, ತಲೆಯೂ ಕೆಟ್ಟಿಲ್ಲ. ಆದರೆ ಕಾಯಿಲೆ ಇದೆ, ಅದಕ್ಕೆ ಚಿಕಿತ್ಸೆಯೂ ಇದೆ. ಊಟ ಬಿಡುವುದು, ತಡೆಯಲಾಗದೆ ತಿನ್ನುವುದು, ತಿಂದದ್ದನ್ನು ಹೊರಹಾಕುವುದು, ಮುಟ್ಟು ತಪ್ಪುವುದು, ಇಷ್ಟೂ ಒಟ್ಟಿಗೆ ಬಂದಿರುವಾಗ ಇದನ್ನು ಈಟಿಂಗ್ ಡಿಸಾರ್ಡರ್ ಎಂದೇ ನೋಡಬೇಕು. ಊಟವನ್ನೇ ಬಿಡುವ ಅನೊರೆಕ್ಸಿಯಾವೋ, ಮಿತಿಮೀರಿ ತಿಂದು ಹೊರಹಾಕುವ ಬುಲಿಮಿಯಾವೋ, ಎರಡರ ನಡುವಿನದೋ ಎಂದು ಪತ್ರ ಓದಿ ಹೇಳಲಾಗದು. ಅದು ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನೋಡುವ ವೈದ್ಯರ ಕೆಲಸ. ನೀವು ಬರೆದಿದ್ದ ತೂಕದ ಅಂಕಿಯನ್ನು ಅಚ್ಚಿಗೆ ಕೊಡುವಾಗ ತೆಗೆದಿದ್ದೇನೆ. ಇದೇ ಕಷ್ಟದಲ್ಲಿರುವ ಇನ್ನೊಬ್ಬಳು ಅದನ್ನು ಓದಿ, ‘ನಾನು ಇವಳಿಗಿಂತ ಎರಡು ಕೆಜಿ ಜಾಸ್ತಿ’ ಎಂದು ಅವತ್ತಿನ ರಾತ್ರಿಯೂಟ ಬಿಟ್ಟಾಳು.

ನಿಮ್ಮ ಪತ್ರದಲ್ಲಿ ತುಂಬ ಬೆಲೆಯುಳ್ಳ ಸಾಲೊಂದಿದೆ. ನೀವು ಅದನ್ನು ಬರೆದು ಹಾಗೆಯೇ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಮಷೀನಿನಲ್ಲಿ ತೂಕ ಅಷ್ಟೇ ಇತ್ತು, ಮುಖ ಮಾತ್ರ ಎರಡು ದಿನದಲ್ಲಿ ಹಿಗ್ಗಿ ಮತ್ತೆ ಮಾಮೂಲಾಯಿತು ಎಂದಿದ್ದೀರಿ. ಎರಡೇ ದಿನದಲ್ಲಿ ಹೀಗೆ ಹಿಗ್ಗಿ ಕುಗ್ಗುವ ಮೈ ಯಾರಿಗೂ ಇಲ್ಲ. ಏರಿಳಿಯುತ್ತಿರುವುದು ನಿಮ್ಮ ಅಂದಾಜು. ಆ ಅಂದಾಜನ್ನು ಅವತ್ತಿನ ಮನಸ್ಸು, ನಿಂತ ಜಾಗ, ಪಕ್ಕದಲ್ಲಿದ್ದವರು, ಹೊಟ್ಟೆಯೊಳಗಿನ ಹಸಿವು ಎಲ್ಲವೂ ಎಳೆದಾಡುತ್ತಿವೆ. ಹೀಗಿರುವಾಗ ಅದನ್ನು ನಂಬಿ ತಟ್ಟೆ ಪಕ್ಕಕ್ಕೆ ಸರಿಸುವುದು ಸರಿಯೇ ಎಂಬುದನ್ನೇ ಇವತ್ತು ಮಾತಾಡೋಣ.

ಇದು ನಿಮ್ಮೊಬ್ಬರ ಅನುಭವವಲ್ಲ. ಅನೊರೆಕ್ಸಿಯಾ ಇರುವವರಿಗೆ ತಮ್ಮ ಮೈ ಇದ್ದಂತೆ ಕಾಣುವುದಿಲ್ಲ ಎಂದು ಹಿಲ್ಡೆ ಬ್ರುಖ್ ಎಂಬ ಮನೋವೈದ್ಯೆ 1962ರಲ್ಲೇ ಬರೆದರು. 1973ರಲ್ಲಿ ಲಂಡನ್ನಿನ ಸಂಶೋಧಕರಾದ ಸ್ಲೇಡ್ ಮತ್ತು ರಸೆಲ್ ಅದನ್ನು ಅಳತೆ ಮಾಡಿಯೇ ತೋರಿಸಿದರು. ಕತ್ತಲ ಕೋಣೆಯಲ್ಲಿ ಎರಡು ಬೆಳಕಿನ ಚುಕ್ಕೆಗಳನ್ನು ಸರಿಸಿ ‘ನನ್ನ ಸೊಂಟ ಇಷ್ಟಗಲ’ ಎಂದು ತೋರಿಸಿ ಎಂದಾಗ, ರೋಗಿಗಳು ನಿಜವಾದ ಅಳತೆಗಿಂತ ಬಹಳ ಹೆಚ್ಚು ತೋರಿಸಿದರು. ನನಗೆ ಇನ್ನೂ ಹಿಡಿಸಿದ್ದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿ ಯಾರನ್ನೂ ‘ನೀವು ದಪ್ಪವಾ’ ಎಂದು ಕೇಳಲಿಲ್ಲ. ಗಮನವನ್ನು ಬೇರೆ ಕೆಲಸದ ಮೇಲೆ ಹರಿಸಿ, ಅಗಲ ಬದಲಾಗುತ್ತಿದ್ದ ತೆರಪಿನ ಮೂಲಕ ಸುಮ್ಮನೆ ನಡೆಸಿದರು. ಕಾಯಿಲೆ ಇಲ್ಲದವರು ತೆರಪು ತಮ್ಮ ಭುಜಕ್ಕಿಂತ ಶೇ 25ರಷ್ಟು ಅಗಲವಿದ್ದಾಗ ಓರೆಯಾಗತೊಡಗಿದರೆ, ಅನೊರೆಕ್ಸಿಯಾ ಇದ್ದವರು ಶೇ 40ರಷ್ಟು ಅಗಲವಿದ್ದಾಗಲೇ ಭುಜ ತಿರುಗಿಸಿದರು. ಕಣ್ಣು, ಬಾಯಿ ಮಾತ್ರವಲ್ಲ, ನಡೆಯುವ ಕಾಲಿಗೂ ಈ ತಪ್ಪು ಅಂದಾಜು ಇಳಿದಿತ್ತು. (ಸೋಮವಾರ ಬೆಳಗಿನ ಚಾಮರಾಜನಗರದ ಬಸ್ಸಿಗೆ ಎಲ್ಲರೂ ಓರೆಯಾಗಿಯೇ ಹತ್ತಬೇಕು. ಅದು ಬೇರೆ ಲೆಕ್ಕ.) ಮೈಯ ಬಗ್ಗೆ ಮೊದಲೇ ಚಿಂತೆಯಿರುವವರಲ್ಲಿ ಮನಸ್ಸು ಕುಗ್ಗಿದರೆ ಈ ಅಂದಾಜು ಇನ್ನಷ್ಟು ಹಿಗ್ಗುತ್ತದೆ ಎಂದು 1990ರ ದಶಕದ ಪ್ರಯೋಗಗಳಲ್ಲಿ ಕಂಡುಬಂದಿದೆ.

ಈಗ ನಿಮ್ಮ ಮಾರ್ಕ್ಸ್ ದಿನಕ್ಕೆ ಬರೋಣ. ಅವತ್ತು ನಿಮಗಾದದ್ದು ಅವಮಾನವೋ, ಅಪ್ಪನಿಗೆ ಏನು ಹೇಳಲಿ ಎಂಬ ಭಯವೋ ನನಗೆ ಗೊತ್ತಿಲ್ಲ. ನೀವೂ ಅದನ್ನು ಬರೆದಿಲ್ಲ, ‘ಮುಖ ಅಗಲವಾಗಿತ್ತು’ ಎಂದಷ್ಟೇ ಬರೆದಿದ್ದೀರಿ. ಈ ಕಾಯಿಲೆಯಲ್ಲಿ ಹೀಗೇ ಆಗುತ್ತದೆ. ಸಿಟ್ಟು, ನಾಚಿಕೆ, ಒಂಟಿತನ, ಸುಸ್ತು, ಕೊನೆಗೆ ಸೆಕೆ, ಬಿಗಿಯಾದ ಚೂಡಿದಾರ್ ಕೂಡ ‘ನಾನು ದಪ್ಪ’ ಎಂಬ ಒಂದೇ ಮಾತಾಗಿ ಹೊರಬರುತ್ತವೆ. ಆಕ್ಸ್‌ಫರ್ಡ್‌ನ ಕ್ರಿಸ್ಟೊಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸಾ ಕ್ರಮದಲ್ಲಿ ಇದನ್ನು ಬಿಡಿಸುವುದೇ ಒಂದು ಮುಖ್ಯ ಪಾಠ. ಸಂತೆಯಲ್ಲಿ ತೂಗುವವನು ತಕ್ಕಡಿಗೆ ಬೆರಳು ಒತ್ತಿದರೆ ಕಾಯಿಪಲ್ಲೆಯ ತೂಕ ಹೆಚ್ಚು ಕಾಣುತ್ತದಲ್ಲ, ಅವತ್ತು ಮಾರ್ಕ್ಸ್ ಕಾರ್ಡು ಮಾಡಿದ್ದು ಅದೇ ಕೆಲಸ. ಮುಂದಿನ ಸಲ ‘ದಪ್ಪ’ ಎಂದು ಬಲವಾಗಿ ಅನ್ನಿಸಿದ ಕೂಡಲೇ ಒಂದು ಪ್ರಶ್ನೆ ಹಾಕಿಕೊಳ್ಳಿ: ಅರ್ಧ ಗಂಟೆಯ ಹಿಂದೆ ಏನಾಗಿತ್ತು? ಯಾರು ಏನಂದರು, ಯಾವ ಮೆಸೇಜ್ ಬಂತು, ಊಟ ಮಾಡಿ ಎಷ್ಟು ಹೊತ್ತಾಯಿತು? ಉತ್ತರವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಸಾಲು ಬರೆಯಿರಿ. ತೂಕ, ಸೊಂಟದ ಅಳತೆ, ಕ್ಯಾಲರಿ ಬರೆಯಬೇಡಿ. ಜಾಗ, ಹೊತ್ತು, ಜೊತೆಗಿದ್ದವರು, ಮನಸ್ಸು, ಇಷ್ಟು ಸಾಕು. ಎರಡು ವಾರ ಬರೆದರೆ ಯಾವ ಬೆರಳು ಎಲ್ಲಿ ಒತ್ತುತ್ತಿದೆ ಎಂದು ನಿಮಗೇ ಕಾಣತೊಡಗುತ್ತದೆ.

ಆದರೆ ಎಲ್ಲವೂ ಮನಸ್ಸಿನ ಆಟ ಎಂದು ಹೇಳಿ ನಿಮ್ಮನ್ನು ಸುಮ್ಮನಾಗಿಸಲಾರೆ. ಮುಖ ಅಗಲ ಕಂಡ ದಿನದ ಹಿಂದುಮುಂದು ವಾಂತಿ ಮಾಡಿಕೊಂಡಿದ್ದಿರಾ, ನೆನಪು ಮಾಡಿಕೊಳ್ಳಿ. ಪದೇ ಪದೇ ವಾಂತಿ ಮಾಡುವವರಲ್ಲಿ ಕಿವಿಯ ಕೆಳಗೆ, ಕೆನ್ನೆಯ ಹಿಂಭಾಗದಲ್ಲಿರುವ ಜೊಲ್ಲಿನ ಗ್ರಂಥಿಗಳು ಊದಿಕೊಳ್ಳುತ್ತವೆ. ಮಂಗನಬಾವು ಬಂದಾಗ ಊದುವುದೂ ಅದೇ ಜಾಗ. ಆಗ ಮುಖ ನಿಜವಾಗಿಯೂ ಉರುಟಾಗಿ ಕಾಣುತ್ತದೆ. ಹುಡುಗಿ ಅದನ್ನು ಕೊಬ್ಬು ಎಂದುಕೊಂಡು ಇನ್ನೆರಡು ಹೊತ್ತು ಉಪವಾಸ ಮಾಡುತ್ತಾಳೆ, ಉಪವಾಸ ತಡೆಯಲಾಗದೆ ಗಬಗಬ ತಿನ್ನುತ್ತಾಳೆ, ಮತ್ತೆ ವಾಂತಿ, ಮತ್ತೆ ಊತ. ವಾಂತಿ ನಿಂತರೆ ಈ ಊತ ತಾನೇ ಇಳಿಯುತ್ತದೆ. ಹೊಟ್ಟೆಯ ಕಥೆಯೂ ಇಂಥದ್ದೇ. ಬಹಳ ದಿನ ಅರೆಹೊಟ್ಟೆಯಲ್ಲಿದ್ದವರಲ್ಲಿ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ. ಐದು ದಿನ ಹಾಸ್ಟೆಲ್‌ನಲ್ಲಿ ಕಾಫಿ ಬಿಸ್ಕೆಟ್ಟಿನಲ್ಲಿ ಹೊತ್ತು ಕಳೆದು, ಶನಿವಾರ ಅವ್ವನ ಎದುರು ಒಂದು ಮುದ್ದೆ ಉಂಡರೆ ಹೊಟ್ಟೆ ಗಂಟೆಗಟ್ಟಲೆ ಬಿಗಿಯಾಗಿರುತ್ತದೆ. ಊರಿಗೆ ಹೋದ ಕೂಡಲೇ ಹೊಟ್ಟೆ ಮುಂದೆ ಬಂತು ಎನ್ನಿಸಲು ದೊಡ್ಡವ್ವನ ಮಾತು ಅರ್ಧ ಕಾರಣ, ಉಳಿದರ್ಧ ಇದು. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುವುದೂ ಸೇರಿಕೊಳ್ಳಬಹುದು. ಇದ್ಯಾವುದೂ ಕೊಬ್ಬಲ್ಲ. ಭೇದಿ ಮಾತ್ರೆ ನುಂಗುವವರು ಕಳೆದುಕೊಳ್ಳುವುದೂ ನೀರನ್ನೇ. ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಮಾರುವ ತೂಕ ಇಳಿಸುವ ಪುಡಿಗಳ ಬಗ್ಗೆ ನಾನು ಬರೆಯತೊಡಗಿದರೆ ಈ ಪುಟ ಸಾಲದು, ಅವುಗಳ ತಂಟೆಗೆ ಹೋಗಬೇಡಿ.

ದೊಡ್ಡವ್ವನ ಮೇಲೆ ಸಿಟ್ಟಾಗಬೇಡಿ. ನಮ್ಮ ಕಡೆ ವಾರ ಬಿಟ್ಟು ಮನೆಗೆ ಬಂದ ಮಕ್ಕಳ ಮೈ ನೋಡಿ ಮಾತಾಡುವುದೇ ಬರಮಾಡಿಕೊಳ್ಳುವ ರೀತಿ. ಮಳೆ ನಂಬಿದ ಸೀಮೆ ಇದು. ಹೊಟ್ಟೆಗೆ ಹಿಟ್ಟಿಲ್ಲದ ವರ್ಷಗಳನ್ನು ಕಂಡ ಹೆಂಗಸರಿಗೆ ಮಗಳ ಮೈ ತುಂಬಿದ್ದು ಸಂತೋಷದ ಸುದ್ದಿ, ಸೊರಗಿದ್ದು ಆತಂಕದ ಸುದ್ದಿ. ಅವರು ಹರಸುವ ದನಿಯಲ್ಲೇ ಹೇಳಿದ್ದಾರೆ. ಆದರೂ ನಿಮಗೆ ಅದು ಪೆಟ್ಟಾಗಿ ಬಿದ್ದಿದೆ, ಎರಡು ದಿನದ ನೆಮ್ಮದಿ ಕಿತ್ತುಕೊಂಡಿದೆ. ಹಾಗಾಗಿ ಅವರ ಪ್ರೀತಿಯನ್ನು ಒಪ್ಪಿಕೊಂಡೇ ಮಾತನ್ನು ಬೇರೆ ಕಡೆ ತಿರುಗಿಸುವುದನ್ನು ಕಲಿಯಬೇಕು. ‘ದೊಡ್ಡವ್ವ, ನನ್ನ ಮೈ ಇಚಾರ ಬುಡು, ಅಕ್ಕ ಭಾವ ಯಾವಾಗ ಬಂದಾರು ಹೇಳು’ ಎಂದು ನಗುತ್ತ ಅಂದುಬಿಡಿ. ಮೊದಲ ಸಲ ನಾಲಿಗೆ ಏಳುವುದಿಲ್ಲ, ಬಸ್ಸಿನಲ್ಲಿ ಬರುವಾಗಲೇ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಬನ್ನಿ.

ಈ ಪುಟ ಓದುತ್ತಿರುವ ಅವ್ವಂದಿರಿಗೆ, ದೊಡ್ಡವ್ವಂದಿರಿಗೆ, ಸೋದರತ್ತೆಯರಿಗೆ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಹುಡುಗಿ ಮನೆಯಲ್ಲಿದ್ದರೆ ‘ದಪ್ಪ ಆದೆ’ ಎನ್ನಬಾರದು ಎಂದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೆ ಹೋಗುವುದು ಇನ್ನೊಂದು: ಚಿಕಿತ್ಸೆ ಶುರುವಾಗಿ ಸ್ವಲ್ಪ ಚೇತರಿಸಿಕೊಂಡವಳಿಗೆ ‘ಈಗ ನೋಡು, ಎಷ್ಟು ಚೆನ್ನಾಗಿ ಕಾಣ್ತಿದ್ದಿ’ ಎನ್ನುವುದೂ ಕೆಲಸ ಕೆಡಿಸುತ್ತದೆ. ಅವಳ ಕಿವಿಗೆ ಅದು ‘ಊದ್ಕೊಂಡಿದ್ದಿ’ ಎಂದೇ ಬೀಳುತ್ತದೆ. ‘ಕಡ್ಡಿ ಆಗ್ಬುಟ್ಟಿದ್ದಿ’ ಎಂದು ಕಣ್ಣೀರು ಹಾಕಿದರೆ, ಕಾಯಿಲೆ ಅದನ್ನು ಬಹುಮಾನ ಎಂದುಕೊಳ್ಳುತ್ತದೆ. ಒಟ್ಟಿನಲ್ಲಿ ಮೈಯ ಸುದ್ದಿಯೇ ಬೇಡ. ಬಸ್ಸಿನಲ್ಲಿ ಸೀಟು ಸಿಕ್ಕಿತಾ, ಪರೀಕ್ಷೆ ಯಾವಾಗ, ಎಮ್ಮೆ ಕರು ಹಾಕಿದೆ ನೋಡು ಬಾ, ಆಡಲು ಮಾತಿಗೇನು ಬರ. ತಟ್ಟೆಯ ಮುಂದೆ ಕೂತವಳ ತುತ್ತು ಎಣಿಸಬೇಡಿ, ಪಕ್ಕದಲ್ಲಿ ಕೂತು ನೀವೂ ಉಣ್ಣಿ.

ಇನ್ನು ಸೂರ್ಯಕಾಂತಿ ಹೊಲ. ಗುಂಡ್ಲುಪೇಟೆಯಿಂದ ಊಟಿ, ಕೇರಳದ ಕಡೆ ಹೋಗುವ ರಸ್ತೆಗಳ ಇಕ್ಕೆಲದ ಹೂವಿನ ಹೊಲಗಳು ಮುಂಗಾರಿನ ತಿಂಗಳುಗಳಲ್ಲಿ ಫೋಟೊ ಸ್ಟುಡಿಯೊಗಳೇ ಆಗಿಬಿಡುತ್ತವೆ. ಕಾರು ನಿಲ್ಲಿಸಿ ಬೆಳೆ ತುಳಿಯುವವರ ಕಾಟಕ್ಕೆ ರೈತರು ತಲೆಗಿಷ್ಟು ಎಂದು ವಸೂಲಿ ಮಾಡುವುದೂ ಉಂಟು. ಬೆಲೆ ಕೈಕೊಟ್ಟ ವರ್ಷ ಅದಾದರೂ ದಕ್ಕಲಿ ಬಿಡಿ. ಅಲ್ಲಿ ಏನು ನಡೆಯಿತು ಎಂದು ಸ್ವಲ್ಪ ಹತ್ತಿರದಿಂದ ನೋಡಿ. ಮೂವರೂ ನಿಂತಿರಿ, ಫೋಟೊ ಬಂತು. ಕೂಡಲೇ ನಿಮ್ಮ ಎರಡು ಬೆರಳು ಪರದೆಯ ಮೇಲೆ ಅಗಲವಾಗಿ ನಿಮ್ಮ ತೋಳನ್ನೋ ಕೆನ್ನೆಯನ್ನೋ ದೊಡ್ಡದು ಮಾಡಿದವು ಎಂದು ಪಣ ಕಟ್ಟಿ ಹೇಳಬಲ್ಲೆ. ಮಾವನ ಮಕ್ಕಳನ್ನು ಪೂರ್ತಿಯಾಗಿ ನೋಡಿದಿರಿ, ನಿಮ್ಮನ್ನು ಮಾತ್ರ ತುಂಡುತುಂಡಾಗಿ. ಈ ಕಾಯಿಲೆಯವರ ಕಣ್ಣು ತಮ್ಮ ಮೈಯಲ್ಲಿ ಇಷ್ಟವಿಲ್ಲದ ಕಡೆಗೇ ಹೋಗಿ ನಿಲ್ಲುತ್ತದೆ, ಬೇರೆಯವರಲ್ಲಿ ಚೆಂದ ಇರುವ ಕಡೆಗೆ. ಹೀಗೆ ಹೋಲಿಸಿದರೆ ಯಾರೂ ಗೆಲ್ಲಲಾರರು. ಜೊತೆಗೆ ಮೊಬೈಲಿನ ಅಗಲ ಲೆನ್ಸು ಗುಂಪಿನ ಅಂಚಿನಲ್ಲಿ ನಿಂತವರನ್ನು ಪಕ್ಕಕ್ಕೆ ಎಳೆದು ತೋರಿಸುತ್ತದೆ. ಅಂಚಿನಲ್ಲಿ ನಿಂತದ್ದು ನೀವು.

ಕಣ್ಣಿಗೆ ದಿನಾ ಬೀಳುವ ಚಿತ್ರಗಳು ಮನಸ್ಸನ್ನು ಎಷ್ಟು ಬೇಗ ಬದಲಿಸುತ್ತವೆ ಎಂಬುದಕ್ಕೆ ಫಿಜಿ ದ್ವೀಪದ ಉದಾಹರಣೆ ಕೊಡುತ್ತೇನೆ. ಮೈ ತುಂಬಿಕೊಂಡಿರುವುದನ್ನೇ ಮೆಚ್ಚುತ್ತಿದ್ದ ಜನ ಅವರು, ನಮ್ಮ ಹಳ್ಳಿಗಳ ಹಾಗೇ. ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂದ ಹೊಸತರಲ್ಲಿ ಹಾರ್ವರ್ಡ್‌ನ ಆ್ಯನ್ ಬೆಕರ್ ಹೈಸ್ಕೂಲು ಹುಡುಗಿಯರನ್ನು ಕೇಳಿದಾಗ, ತೂಕ ಇಳಿಸಲೆಂದು ವಾಂತಿ ಮಾಡುತ್ತೇನೆ ಎಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಕೇಳಿದಾಗ ಶೇ 11ಕ್ಕೂ ಹೆಚ್ಚು ಹುಡುಗಿಯರು ಹೌದೆಂದರು. ಅದು ದಿನಕ್ಕೆ ಕೆಲವು ಗಂಟೆ ನೋಡುವ ಟಿವಿ. ಈಗಿನದು ದಿಂಬಿನ ಪಕ್ಕದಲ್ಲೇ ಮಲಗುವ ಫೋನು. ಹಾಗೆಂದು ‘ಮೊಬೈಲ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತೆ’ ಎನ್ನುವ ಅಪ್ಪಂದಿರ ಮಾತನ್ನು ಒಪ್ಪಲಾರೆ. ಲಂಡನ್ನಿನ ವೈದ್ಯ ವಿಲಿಯಂ ಗಲ್ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟದ್ದು 1870ರ ದಶಕದಲ್ಲಿ. ಆಗ ರೀಲ್ಸ್ ಎಲ್ಲಿತ್ತು? ನೀವು ಮಾಡಬೇಕಾದದ್ದು ಇಷ್ಟೆ: ನೋಡಿ ಮುಗಿಸಿದಾಗೆಲ್ಲ ಮೈ ಮೇಲೆ ಜಿಗುಪ್ಸೆ ಹುಟ್ಟಿಸುವ ಅಕೌಂಟುಗಳನ್ನು ಇವತ್ತೇ ಅನ್‌ಫಾಲೋ ಮಾಡಿ, ಆ ಹೊಲದ ಫೋಟೊವನ್ನು ಮತ್ತೆ ಮತ್ತೆ ತೆರೆದು ಹಿಗ್ಗಿಸಿ ನೋಡುವುದನ್ನು ಬಿಡಿ. ಕನ್ನಡಿಯ ಮುಂದೆ ತಲೆ ಬಾಚಲು, ಬಟ್ಟೆ ಸರಿಮಾಡಿಕೊಳ್ಳಲು ನಿಂತರೆ ಸಾಕು. ಹೊಟ್ಟೆ ಚಿವುಟಿ ನೋಡುವುದು, ಮಣಿಕಟ್ಟಿಗೆ ಬೆರಳು ಸುತ್ತಿ ಅಳೆಯುವುದು ಇದ್ದರೆ (ಇರುತ್ತದೆ ಎಂದುಕೊಂಡಿದ್ದೇನೆ) ದಿನಕ್ಕೆ ಎಷ್ಟು ಸಲ ಎಂದು ಗಮನಿಸಿ ಕಡಿಮೆ ಮಾಡುತ್ತ ಬನ್ನಿ. ಹಾಗೆ ಪರೀಕ್ಷಿಸಿದಷ್ಟೂ ಅನುಮಾನ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಮೆಡಿಕಲ್ ಸ್ಟೋರಿನ ಮಷೀನೂ ಬೇಡ, ಇನ್ನು ಮೇಲೆ ತೂಕ ನೋಡುವುದು ಆಸ್ಪತ್ರೆಯವರ ಕೆಲಸ.

ಚೆಂಡುಹೂವಿನ ಹೊಲದ ಸಾಲು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಅದೇ ಮೈ, ಅದೇ ತೂಕ, ಅದೇ ತಾಲ್ಲೂಕು. ಅಲ್ಲಿ ಕನ್ನಡಿ ಇಲ್ಲ, ಸಾಲಾಗಿ ನಿಲ್ಲಿಸಿ ಹೋಲಿಸುವವರಿಲ್ಲ, ಕೈ ತುಂಬ ಕೆಲಸವಿದೆ, ಪಕ್ಕದ ಸಾಲಿನಲ್ಲಿ ಅವ್ವ ಮಾತಾಡುತ್ತಿದ್ದಾರೆ. ಅಲ್ಲಿ ಮೈ ಎಂದರೆ ಬುಟ್ಟಿ ತುಂಬಿಸುವ ಕೈ, ಬಗ್ಗಿ ಏಳುವ ಸೊಂಟ. ಇಂಥ ಜಾಗ ಇನ್ನೂ ಯಾವುದಿದೆ ಎಂದು ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಲೈಬ್ರರಿಯೋ, ಒಬ್ಬಳು ಗೆಳತಿಯ ರೂಮೋ, ಅಜ್ಜಿಯ ಜಗುಲಿಯೋ. ಮನಸ್ಸು ಕುಸಿದ ದಿನ ಕನ್ನಡಿಯ ಬದಲು ಅಲ್ಲಿಗೆ ಹೋಗಿ. ಹೊಲಕ್ಕೆ ಕಳಿಸಿದರೆ ಕಾಯಿಲೆ ವಾಸಿ ಎಂದು ಮಾತ್ರ ಯಾರೂ ತಿಳಿಯಬಾರದು. ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ಬಗ್ಗಿ ಕೆಲಸ ಮಾಡಿದರೆ ತಲೆಸುತ್ತಿ ಬೀಳುತ್ತೀರಿ. ತಿಂಡಿ ತಿಂದೇ ಹೋಗಬೇಕು.

ಊಟದ ಮಾತಿಗೆ ಬಂದೆವು. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಗಂಡಸರನ್ನು ಅವರ ಒಪ್ಪಿಗೆ ಪಡೆದೇ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯುವುದು ಉದ್ದೇಶ. ಮೊದಲು ನಗುನಗುತ್ತ ಇದ್ದವರು ಸಿಡುಕರಾದರು, ಕುಗ್ಗಿಹೋದರು, ಗೆಳೆಯರಿಂದ ದೂರವಾದರು. ಹಗಲೂ ರಾತ್ರಿ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಓದುವುದು, ಸಿಕ್ಕಿದಾಗ ಮಿತಿಮೀರಿ ತಿನ್ನುವುದು. ಅವರಿಗೆ ತೆಳ್ಳಗಾಗುವ ಆಸೆ ಏನೂ ಇರಲಿಲ್ಲ, ಹಸಿವೇ ಅವರನ್ನು ಹಾಗೆ ಮಾಡಿತ್ತು. ನಿಮ್ಮ ಸಿಡುಕು, ಅಳು, ತಡೆಯಲಾಗದ ತಿನ್ನುವಿಕೆಯನ್ನು ನೀವು ಚಂಚಲ ಬುದ್ಧಿ ಎಂದು ಬೈದುಕೊಳ್ಳುತ್ತಿರಬಹುದು. ಅದರಲ್ಲಿ ದೊಡ್ಡ ಪಾಲು ಹಸಿವಿನದು. ಹಸಿವು ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸು ಮೈಯನ್ನು ಹಿಗ್ಗಿಸಿ ತೋರಿಸುತ್ತದೆ, ಹಿಗ್ಗಿ ಕಂಡ ಮೈ ಮುಂದಿನ ಊಟವನ್ನು ಬಿಡಿಸುತ್ತದೆ. ಮನಸ್ಸು ಸರಿಹೋದ ಮೇಲೆ ಉಣ್ಣುತ್ತೇನೆ ಎಂದು ಕಾದರೆ ಆ ದಿನ ಬರುವುದೇ ಇಲ್ಲ. ಮೊದಲು ಊಟ.

ಆದ್ದರಿಂದ ಉಣ್ಣಬೇಕೋ ಬೇಡವೋ ಎಂಬ ತೀರ್ಮಾನವನ್ನು ಕನ್ನಡಿಯ ಕೈಯಿಂದ ತೆಗೆದು ಗಡಿಯಾರಕ್ಕೆ ಕೊಡಿ. ಹಾಸ್ಟೆಲ್ಲಿನಲ್ಲಿ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯೂಟದ ಹೊತ್ತು ಹೇಗೂ ಗೊತ್ತಾಗಿದೆ. ನಡುವೆ ಒಂದು ಏಲಕ್ಕಿ ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ. ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಖಾಲಿ ಬಿಡಬೇಡಿ, ಮಿತಿಮೀರಿ ತಿನ್ನುವ ಹುಚ್ಚು ಹುಟ್ಟುವುದೇ ಆ ಖಾಲಿ ಹೊತ್ತಿನಲ್ಲಿ. ಶುರುವಿನಲ್ಲಿ ತಟ್ಟೆ ಚಿಕ್ಕದಿರಲಿ. ಬಹಳ ಸೊರಗಿದವರು ಒಮ್ಮೆಲೇ ಹೊಟ್ಟೆ ತುಂಬ ಉಣ್ಣತೊಡಗಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಅಪಾಯವಾಗಬಹುದು, ಎಷ್ಟು ಹೇಗೆ ಹೆಚ್ಚಿಸಬೇಕೆಂದು ವೈದ್ಯರು ಹೇಳಲಿ. ಊಟವಾದ ಮೇಲೆ ಒಂದು ಗಂಟೆ ಒಬ್ಬರೇ ಇರಬೇಡಿ, ರೂಮ್‌ಮೇಟ್ ಜೊತೆ ಕೂತು ಓದಿ. ಇನ್ನು ಮಾದಪ್ಪನ ಒಪ್ಪೊತ್ತು. ಕಾಯಿಲೆ ಬಿದ್ದವರಿಗೆ ಒಪ್ಪೊತ್ತು ಇಲ್ಲ ಎಂದು ನಿಮ್ಮ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಸೋಮವಾರ ದೀಪ ಹಚ್ಚಿ ಕೈಮುಗಿದು, ತಿಂಡಿ ತಿಂದು ಬಸ್ಸು ಹತ್ತಿ. ಶುಕ್ರವಾರದ್ದಂತೂ ಯಾವ ದೇವರೂ ಕೇಳಿದ್ದಲ್ಲ, ಅದು ನಿಮಗೂ ಗೊತ್ತು.

ತೇರಿಗೆ ಹೋಗಿ. ಹೋಗದೆ ಹಾಸ್ಟೆಲ್ಲಿನಲ್ಲಿ ಉಳಿದರೆ ಅವತ್ತು ನಿಮ್ಮ ಜೊತೆ ಇರುವುದು ಕನ್ನಡಿ ಮಾತ್ರ. ಆಷಾಢದಲ್ಲಿ ದೂರವಿದ್ದ ಹೊಸ ಜೋಡಿಗಳು ಒಟ್ಟಿಗೆ ಬಂದು ಹಣ್ಣು ಜವನ ಎಸೆಯುವ ತೇರು ಅದು, ನೋಡುವವರ ಕಣ್ಣೆಲ್ಲ ಅವರ ಮೇಲೆ ಮತ್ತು ಕಳಸದ ಮೇಲೆ. ನಾದಿನಿಯ ಸೊಂಟ ಅಳೆಯಲು ಯಾರಿಗೂ ಪುರಸೊತ್ತಿಲ್ಲ. ಬೆಳಿಗ್ಗೆ ತಿಂಡಿ ತಪ್ಪಿಸಬೇಡಿ. ಉಟ್ಟಾಗ ಮರೆತುಹೋಗುವಂಥ ಸಡಿಲ ಬಟ್ಟೆ ಹಾಕಿ. ಹೊಸ ಬ್ಲೌಸ್ ಹೊಲಿಸುವುದಿದ್ದರೆ ಟೇಪಿನ ಅಳತೆ ಬೇಡ, ಸರಿಯಾಗಿ ಕೂರುವ ಹಳೆಯದನ್ನೇ ಟೈಲರ್‌ಗೆ ಕೊಟ್ಟು, ಮಗ್ಗುಲಲ್ಲಿ ಬಟ್ಟೆ ಬಿಡಿಸಿ. ಫೋಟೊಗೆ ಕರೆದರೆ ಅಕ್ಕನ ಪಕ್ಕ ನಿಂತು ಒಂದು ತೆಗೆಸಿಕೊಳ್ಳಿ, ನೋಡಲು ಫೋನು ಕೇಳಬೇಡಿ. ಅಕ್ಕನಿಗೆ ಮೊದಲೇ ವಿಷಯ ಹೇಳಿದ್ದರೆ ಇನ್ನೂ ಒಳ್ಳೆಯದು. ನೆಂಟರ ಮಾತು ಅತಿಯಾದಾಗ ಅವಳು ನಿಮ್ಮನ್ನು ಯಾವುದಾದರೂ ಕೆಲಸಕ್ಕೆ ಕಳಿಸಿಬಿಡಬಹುದು. ನನ್ನ ಲೆಕ್ಕದಲ್ಲಿ ಮನೆಯಲ್ಲಿ ಮೊದಲು ತಿಳಿಯಬೇಕಾದವಳು ಅಕ್ಕನೇ. ಅವ್ವನಿಗೆ ಹೇಳುವಾಗ ಅವಳು ಜೊತೆಗಿರಲಿ.

ಆದರೆ ತೇರಿನವರೆಗೆ ಕಾಯಬಾರದ ಕೆಲಸವೊಂದಿದೆ. ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಎದೆಬಡಿತದ ಲಯವೇ ತಪ್ಪಬಹುದು. ಅದು ದಪ್ಪಗಿರುವವರಿಗೂ ಆಗುತ್ತದೆ, ಮೈ ನೋಡಿ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆ, ಇಸಿಜಿ ಈ ವಾರವೇ ಆಗಬೇಕು. ತಲೆಸುತ್ತಿ ಬಿದ್ದರೆ, ಎದೆ ಡವಡವ ಎಂದರೆ, ಕುಕ್ಕರುಗಾಲಿನಲ್ಲಿ ಕೂತವಳಿಗೆ ಕೈಯೂರದೆ ಏಳಲಾಗದಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಸತ್ತರೆ ಸಾಕು ಎನ್ನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ವಾರ್ಡನ್‌ಗೆ ಹೇಳಿಯಾದರೂ ಸರಿ. ನಿಮಗೆ ಹತ್ತಿರದ್ದು ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಮನೋವೈದ್ಯರನ್ನು ಅಲ್ಲಿ ನೋಡಬಹುದು. ಊರಿನಲ್ಲಿರುವಾಗಾದರೆ ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬರೆದುಕೊಟ್ಟರೆ ಹೆದರಬೇಡಿ, ಶಕ್ತಿ ಯೋಜನೆಯ ಬಸ್ಸಿಗೆ ಚಾರ್ಜೂ ಇಲ್ಲ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

‘ಇದು ಸಿಟಿಯ ಶ್ರೀಮಂತರ ಕಾಯಿಲೆ, ಹಳ್ಳಿ ಹುಡುಗಿಗೆ ಎಲ್ಲಿಂದ ಬಂತು’ ಎಂದು ಯಾರಾದರೂ ಅಂದಾರು. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರಿಸಿದವರಲ್ಲಿ ಮೂರನೇ ಎರಡು ಪಾಲು ವೈದ್ಯರು ಇಂಥ ರೋಗಿಗಳನ್ನು ನೋಡಿದ್ದರು. ಮೈಸೂರಿನ ವಿದ್ಯಾರ್ಥಿಗಳಲ್ಲಿ ಇದರ ಲಕ್ಷಣಗಳನ್ನು ಹುಡುಕಿದ ಅಧ್ಯಯನ 2018ರಲ್ಲಿ ಬಂದಿದೆ. ಹಳ್ಳಿಯಿಂದ ಮೈಸೂರಿಗೆ ಓದಲು ಹೋಗುವ ಮಕ್ಕಳೂ ಅಲ್ಲಿನ ಕಾಲೇಜುಗಳಲ್ಲೇ ಕೂರುವುದು.

ಹೊರರೋಗಿ ಚೀಟಿ ಮಾಡಿಸಿಕೊಂಡು ಒಳಗೆ ಹೋದಾಗ ನಾಚಿಕೆಯಿಂದ ‘ಸುಸ್ತು, ಹಸಿವಿಲ್ಲ’ ಎಂದುಬಿಟ್ಟರೆ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದು ಕಳಿಸುತ್ತಾರೆ. ಅವರ ತಪ್ಪಲ್ಲ, ನಮ್ಮ ಜಿಲ್ಲೆಯಲ್ಲಿ ಸುಸ್ತು ಎಂದು ಬರುವ ಹುಡುಗಿಯರಲ್ಲಿ ಬಹುಪಾಲು ಕಾಣುವುದು ಅದೇ. ಹಾಗಾಗಿ ಒಂದು ಹಾಳೆಯಲ್ಲಿ ಹೀಗೆ ಬರೆದುಕೊಂಡು ಹೋಗಿ, ಬಾಯಿ ಬರದಿದ್ದರೆ ಅದನ್ನೇ ಮೇಜಿನ ಮೇಲಿಡಿ: ‘ಒಂದೂವರೆ ವರ್ಷದಿಂದ ಬೇಕೆಂದೇ ಊಟ ಬಿಡುತ್ತಿದ್ದೇನೆ. ವಾರಕ್ಕೆ ಇಷ್ಟು ಸಲ ತಡೆಯಲಾಗದೆ ತಿಂದು ವಾಂತಿ ಮಾಡುತ್ತೇನೆ. ಮುಟ್ಟು ಸರಿಯಿಲ್ಲ. ತೂಕ ಬದಲಾಗದಿದ್ದರೂ ಕೆಲವು ದಿನ, ಕೆಲವು ಜಾಗದಲ್ಲಿ ಮೈ ಬಹಳ ದಪ್ಪ ಕಾಣುತ್ತದೆ, ಆಗ ಊಟ ಬಿಡುತ್ತೇನೆ.’ ವಾಂತಿಯ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಹೊಡೆದುಹಾಕಬೇಡಿ. ಪೊಟ್ಯಾಸಿಯಂ ಪರೀಕ್ಷೆ ಬರೆಯುವುದು ಅದನ್ನು ಓದಿದ ಮೇಲೆ.